ಕಾಡು ಹಾರಕವೋ, ಸಿಂಪಗನ ಹುಲ್ಲೋ? ಗದ್ದೆಯ ಕಳೆ ಗೊಂತಿಗೆ ಬರುವ ಮುನ್ನ

(ನಂಜನಗೂಡು ಮತ್ತು ತಿ. ನರಸೀಪುರ ತಾಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಈ ಸಲದ ಶಿಬಿರಕ್ಕೆ ಯಾವ ವಿಷಯ ಇಟ್ಟುಕೊಳ್ಳೋಣ ಎಂದು ಕೇಳಿದಾಗ ಕೆಲವರು ಕೆಚ್ಚಲು ಬಾವು ಎಂದಿರಿ, ಕೆಲವರು ಗಬ್ಬ ನಿಲ್ಲದ ಹಸುವಿನ ಬಗ್ಗೆ ಹೇಳಿ ಎಂದಿರಿ. ಎರಡೂ ದೊಡ್ಡ ವಿಷಯಗಳು, ಮುಂದೆ ನೋಡೋಣ. ಇಂದು ನಿಮ್ಮ ಮುಂದೆ ಎರಡು ಹಿಡಿ ಹುಲ್ಲು ಇಟ್ಟಿದ್ದೇನೆ. ಎರಡೂ ಇವತ್ತು ಬೆಳಿಗ್ಗೆ ನಾಲೆಯ ಬಯಲಿನಲ್ಲಿ ಕಿತ್ತದ್ದು. ನಿಮ್ಮಲ್ಲಿ ಅರ್ಧ ಜನ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೀರಿ, ಒಂದೇ ಹೊರೆಯಲ್ಲಿ ಕಟ್ಟಿ ಮನೆಗೆ ತರುತ್ತೀರಿ, ಒಂದೇ ಗೊಂತಿಗೆ ಹಾಕುತ್ತೀರಿ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ವರ್ಷದ ಕೆಲವು ದಿನಗಳಲ್ಲಿ ಇದೇ ಹೊರೆ ಮಧ್ಯಾಹ್ನದೊಳಗೆ ಹಸುವನ್ನು ನೆಲಕ್ಕೆ ಕೆಡವುತ್ತದೆ. ಆ ದಿನಗಳು ಯಾವುವು ಎಂಬುದನ್ನು ತಿಳಿಸುವುದೇ ನನ್ನ ಉದ್ದೇಶ.

ಮೊದಲು ಹೆಸರು. ಕೃಷಿ ಪುಸ್ತಕಗಳಲ್ಲಿ ಒಂದನ್ನು ಕಾಡು ಹಾರಕ ಎನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಅದು ಎಕೈನೋಕ್ಲೋವ ಕೊಲೋನ. ಇನ್ನೊಂದು ಸಿಂಪಗನ ಹುಲ್ಲು, ಎಕೈನೋಕ್ಲೋವ ಕ್ರಸ್-ಗಾಲಿ. ಕ್ರಸ್-ಗಾಲಿ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹುಂಜದ ಕಾಲು. ತೆನೆ ನೋಡಿದರೆ ಆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಸ್ವೀಡನ್ನಿನ ಲಿನೇಯಸ್ ಎಂಬ ವಿಜ್ಞಾನಿ 1753ರಲ್ಲಿ ಇದಕ್ಕೂ 1759ರಲ್ಲಿ ಕಾಡು ಹಾರಕಕ್ಕೂ ಹೆಸರಿಟ್ಟರು. ನಮ್ಮ ಊರುಗಳಲ್ಲಿ ಒಂದೊಂದು ಕಡೆ ಒಂದೊಂದು ಹೆಸರು, ಬಹಳ ಕಡೆ ಬರೀ ‘ಕಳೆಹುಲ್ಲು’. ಹೆಸರಿಗಾಗಿ ಜಗಳ ಬೇಡ, ಗಿಡದ ಗುರುತು ತಿಳಿದರೆ ಸಾಕು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕಾಡು ಹಾರಕ ಎಂದು ಹೆಸರಿದ್ದರೂ ಇದು ನಮ್ಮ ಹಿರಿಯರು ಬೆಳೆಯುತ್ತಿದ್ದ ಹಾರಕದ ಸಂಬಂಧಿಯಲ್ಲ. ಹಾರಕದ ಮನೆತನವೇ ಬೇರೆ. ಇದರ ನಿಜವಾದ ಮಗಳು ಊದಲು. ಈಗ ಸಿರಿಧಾನ್ಯದ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರಲ್ಲ, ಅದೇ ಊದಲು. ಭಾರತದಲ್ಲಿ ರೈತರು ಈ ಕಾಡು ಹುಲ್ಲನ್ನೇ ಆರಿಸಿ ಆರಿಸಿ, ಕಾಳು ಉದುರದ ಗಿಡಗಳನ್ನು ಉಳಿಸಿಕೊಂಡು ಊದಲು ಮಾಡಿದರು. ಅತ್ತ ಜಪಾನಿನ ಕಡೆ ಸಿಂಪಗನ ಹುಲ್ಲಿನಿಂದ ಅಂಥದೇ ಇನ್ನೊಂದು ಧಾನ್ಯ ಮಾಡಿಕೊಂಡರು. ಅಕ್ಕ ತಂಗಿಯರಂತಿರುವ ಎರಡು ಕಾಡು ಹುಲ್ಲುಗಳಿಂದ ಎರಡು ದೇಶದವರು ಎರಡು ಧಾನ್ಯ ಪಡೆದರು. ಹೀಗಾಗಿ ಈ ಹುಲ್ಲುಗಳನ್ನು ಶತ್ರು ಎಂದು ಬಯ್ಯುವುದಕ್ಕೆ ನನಗೆ ಮನಸ್ಸಿಲ್ಲ. ಮೇವಾಗಿಯೂ ಇವು ಕೆಟ್ಟವಲ್ಲ. ಬರೀ ಭತ್ತದ ಹುಲ್ಲಿನಲ್ಲಿ ಶೇಕಡ 3ರಿಂದ 4ರಷ್ಟು ಸಸಾರಜನಕ ಇದ್ದರೆ ಹೆಚ್ಚು. ತೆನೆ ಬರುವ ಮುಂಚಿನ ಈ ಎಳೆ ಹುಲ್ಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಇರುತ್ತದೆ. ದನ ಇಷ್ಟಪಟ್ಟು ತಿನ್ನುತ್ತದೆ.

ಈಗ ಗುರುತು ನೋಡೋಣ. ಭತ್ತದ ಸಸಿಗೂ ಇವೆರಡಕ್ಕೂ ಇರುವ ವ್ಯತ್ಯಾಸ ಕಳೆ ಕೀಳುವ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗರಿ ಕಾಂಡವನ್ನು ಸೇರುವ ಕತ್ತಿನ ಹತ್ತಿರ ಗರಿಯನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ ನೋಡಿ. ಭತ್ತಕ್ಕೆ ಅಲ್ಲಿ ಬಿಳಿಯ ತೆಳು ಪೊರೆಯಂಥ ನಾಲಿಗೆ ಇದೆ, ಎರಡು ಪಕ್ಕಕ್ಕೆ ಸಣ್ಣ ಕಿವಿಗಳಿವೆ. ಈ ಎರಡು ಹುಲ್ಲಿಗೂ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ, ಅಲ್ಲಿ ನುಣ್ಣಗಿರುತ್ತದೆ. ಒಟ್ಲು ಪಾತಿಯಲ್ಲಿಯೇ ಇದನ್ನು ನೋಡಿ ಆರಿಸದಿದ್ದರೆ ಸಿಂಪಗನ ಹುಲ್ಲು ಭತ್ತದ ಸಸಿಯ ಜೊತೆಗೇ ಕಂತೆಯಲ್ಲಿ ಸೇರಿ, ಕೂಲಿ ಕೊಟ್ಟು ನಾಟಿ ಮಾಡಿಸಿಕೊಂಡು, ಗೊಬ್ಬರವನ್ನೂ ತಿಂದು ಬೆಳೆಯುತ್ತದೆ. ಅಷ್ಟು ಚೆನ್ನಾಗಿ ಭತ್ತದ ವೇಷ ಹಾಕುವ ಕಳೆ ಇದು.

ಇವೆರಡರ ನಡುವೆ ವ್ಯತ್ಯಾಸ ತಿಳಿಯುವುದು ಹೇಗೆ? ಕಾಡು ಹಾರಕ ಗಿಡ್ಡ. ಒಂದು ಗೇಣಿನಿಂದ ಎರಡು, ಎರಡೂವರೆ ಅಡಿಯವರೆಗೆ ಬರುತ್ತದೆ. ಬುಡದಲ್ಲಿ ನೆಲಕ್ಕೆ ವಾಲಿ, ಗೆಣ್ಣಿನಲ್ಲಿ ಬೇರು ಬಿಟ್ಟು ಆಮೇಲೆ ಎದ್ದು ನಿಲ್ಲುತ್ತದೆ. ಬುಡ ಕೆಂಪು ಅಥವಾ ನೇರಳೆ ಬಣ್ಣ. ಕೆಲವು ಗಿಡಗಳ ಗರಿಗೆ ಅಡ್ಡಲಾಗಿ ನೇರಳೆ ಪಟ್ಟೆ ಬಳಿದಂತೆ ಇರುತ್ತದೆ. ಆ ಪಟ್ಟೆ ಕಂಡರೆ ಕಾಡು ಹಾರಕವೇ ಎಂದು ತಿಳಿಯಬಹುದು, ಆದರೆ ಪಟ್ಟೆ ಇಲ್ಲದ ಗಿಡಗಳೂ ಬೇಕಾದಷ್ಟಿವೆ. ತೆನೆ ಸಣ್ಣದು. ತೆನೆಯ ಕವಲುಗಳು ಒಂದು ಬೆರಳ ಗೆಣ್ಣಿನಷ್ಟು ಉದ್ದ, ಒಂದಕ್ಕೊಂದು ದೂರದೂರ. ಕಾಳುಗಳು ನಾಲ್ಕು ಸಾಲಿನಲ್ಲಿ ಒತ್ತಾಗಿ ಜೋಡಿಸಿದಂತೆ ಕೂತಿರುತ್ತವೆ, ಮೀಸೆ ಇಲ್ಲ.

ಸಿಂಪಗನ ಹುಲ್ಲು ದೊಡ್ಡ ಆಳು. ಮೂರರಿಂದ ಐದು ಅಡಿ ನೆಟ್ಟಗೆ ಬೆಳೆಯುತ್ತದೆ. ಕಾಂಡ ದಪ್ಪ, ರಸಭರಿತ. ಗರಿ ಅಗಲ. ತೆನೆ ಒಂದು ಗೇಣಿನವರೆಗೂ ಇರುತ್ತದೆ, ಕೆಳಗಿನ ಕವಲುಗಳು ಮತ್ತೆ ಕವಲೊಡೆದು ಪೊದೆಯಂತೆ ಆಗುತ್ತವೆ, ಮುಟ್ಟಿದರೆ ಒರಟು. ಸಾಮಾನ್ಯವಾಗಿ ಕಾಳಿಗೆ ಮೀಸೆ ಇರುತ್ತದೆ. ಮೀಸೆ ಇಲ್ಲದ ತಳಿಯೂ ಇರುವುದರಿಂದ ಮೀಸೆಯೊಂದನ್ನೇ ನಂಬಬೇಡಿ, ತೆನೆಯ ಕವಲು ನೋಡಿ.

ಇವೆರಡರ ವಾಸದ ಜಾಗವೂ ಬೇರೆ. ಸಿಂಪಗನ ಹುಲ್ಲಿಗೆ ನೀರೆಂದರೆ ಹೆದರಿಕೆಯಿಲ್ಲ, ತೆಳುವಾಗಿ ನೀರು ನಿಂತ ಕೆಸರಿನಲ್ಲಿಯೂ ಮೊಳೆತು ಮೇಲೇಳುತ್ತದೆ. ಕಾಡು ಹಾರಕ ಹಾಗಲ್ಲ. ನಿಂತ ನೀರಿನಲ್ಲಿ ಅದರ ಮೊಳಕೆ ಏಳಲಾರದು. ಅದಕ್ಕೇ ಅದು ತೆವರಿ, ನಾಲೆಯ ದಡ, ನೀರು ಬತ್ತಿದ ಗದ್ದೆ, ಮುಸುಕಿನ ಜೋಳದ ಸಾಲು, ಮಳೆಗಾಲದಲ್ಲಿ ದೊಡ್ಡಕವಲಂದೆ ಕಡೆಯ ಬೆದ್ದಲು ಹೊಲ, ಇಲ್ಲೆಲ್ಲ ಹೆಚ್ಚು. ತಲಕಾಡಿನ ಕಡೆ ಮಾಧವಮಂತ್ರಿ ನಾಲೆಯ ಕೆಳಗೆ ಶತಮಾನಗಳಿಂದ ಭತ್ತ ಬೆಳೆಯುತ್ತಿದ್ದಾರೆ, ನಂಜನಗೂಡಿನ ಕಡೆ ಹುಲ್ಲಹಳ್ಳಿ, ರಾಂಪುರ ನಾಲೆಗಳೂ ಹಳೆಯವು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ನೀರು ಹರಿದ ಜಮೀನು ಇನ್ನೂ ಹೆಚ್ಚಾಯಿತು. ನೀರು ಹೋದ ಕಡೆಯೆಲ್ಲ ಭತ್ತ ಹೋಗುತ್ತದೆ, ಭತ್ತದ ಹಿಂದೆಯೇ ಈ ಅಕ್ಕತಂಗಿಯರೂ ಹೋಗುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೋಳದ ಎಳೆ ಪೈರು ತಿಂದ ದನ ಸಾಯುವುದು ನಿಮಗೆಲ್ಲ ಗೊತ್ತು. ಅದು ಸಯನೈಡ್ ವಿಷ. ಈ ಎರಡು ಹುಲ್ಲುಗಳಿಂದ ಬರುವುದು ಬೇರೆ ವಿಷ, ಅದಕ್ಕೆ ನೈಟ್ರೇಟ್ ಎನ್ನುತ್ತೇವೆ. ಇದು ಹುಲ್ಲಿನ ಹುಟ್ಟುಗುಣ ಅಲ್ಲ. ಗಿಡ ಬೇರಿನಿಂದ ನೈಟ್ರೇಟ್ ಹೀರುತ್ತದೆ, ಬಿಸಿಲಿನ ಸಹಾಯದಿಂದ ಅದನ್ನು ಸಸಾರಜನಕವಾಗಿ ಮಾಡಿಕೊಳ್ಳುತ್ತದೆ. ಇದು ಒಲೆ ಮತ್ತು ಸೌದೆಯ ಲೆಕ್ಕ. ಸೌದೆ ಬಂದು ಬೀಳುತ್ತಲೇ ಇದೆ, ಒಲೆ ಮಾತ್ರ ಉರಿಯುತ್ತಿಲ್ಲ ಎಂದರೆ ಅಡುಗೆಮನೆಯಲ್ಲಿ ಸೌದೆ ರಾಶಿ ಬೀಳುತ್ತದೆ. ಹಾಗೆಯೇ ಮೋಡ ಕವಿದ ದಿನಗಳಲ್ಲಿ, ಬರ ಬಿದ್ದು ಗಿಡ ಬಾಡಿದಾಗ, ಬಾಡಿದ ಗಿಡಕ್ಕೆ ಇದ್ದಕ್ಕಿದ್ದಂತೆ ಮಳೆ ಬಂದಾಗ, ಮೇಲಾಗಿ ಯೂರಿಯಾ ಎರಚಿದ್ದಾಗ ನೈಟ್ರೇಟ್ ಕಾಂಡದಲ್ಲಿ ಶೇಖರವಾಗುತ್ತದೆ. ಗರಿಯಲ್ಲಿ ಕಡಿಮೆ, ಕಾಳಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಬುಡದ ದಪ್ಪ ಕಾಂಡದಲ್ಲಿ ಅತಿ ಹೆಚ್ಚು.

ದನದ ಹೊಟ್ಟೆಯಲ್ಲಿ ಏನಾಗುತ್ತದೆ? ಮೆಲುಕು ಚೀಲದ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ಅಮೋನಿಯ ಮಾಡುತ್ತವೆ, ಅಮೋನಿಯದಿಂದ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಸ್ವಲ್ಪ ಸ್ವಲ್ಪವಾಗಿ ಬಂದರೆ ದನಕ್ಕೆ ಲಾಭವೇ. ಹಸಿದ ದನ ಒಂದೇ ಸಲ ಹೊರೆ ಹುಲ್ಲು ನುಂಗಿದರೆ ಮೊದಲ ಹೆಜ್ಜೆ ಬೇಗ ನಡೆಯುತ್ತದೆ, ಎರಡನೆಯ ಹೆಜ್ಜೆ ಹಿಂದೆ ಬೀಳುತ್ತದೆ. ಉಳಿದ ನೈಟ್ರೈಟ್ ರಕ್ತಕ್ಕೆ ಸೇರಿ, ಪ್ರಾಣವಾಯು ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ದನ ಜೋರಾಗಿ ಉಸಿರಾಡುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತಿರುತ್ತದೆ, ಆದರೂ ಮೈಗೆ ಗಾಳಿ ದಕ್ಕುವುದಿಲ್ಲ.

ಲಕ್ಷಣಗಳು ಅರ್ಧ ಗಂಟೆಯಿಂದ ನಾಲ್ಕು ಗಂಟೆಯೊಳಗೆ ಕಾಣುತ್ತವೆ. ಏದುಸಿರು, ಮೈ ನಡುಕ, ತೂರಾಟ, ಬಾಯಲ್ಲಿ ಜೊಲ್ಲು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ, ಒಸಡು ನೋಡಿದರೆ ಗುಲಾಬಿ ಬಣ್ಣದ ಬದಲು ಮಣ್ಣಿನ ಬಣ್ಣ ಅಥವಾ ನೀಲಿ. ರಕ್ತ ಚಾಕೊಲೇಟ್ ಬಣ್ಣ, ಕಾಫಿ ಡಿಕಾಕ್ಷನ್ ಇದ್ದಂತೆ. ಜೋಳದ ವಿಷದಲ್ಲಿ ರಕ್ತ ಹೊಳೆಯುವ ಕೆಂಪಗಿರುತ್ತದೆ. ಈ ಎರಡು ಬಣ್ಣ ನೆನಪಿಟ್ಟುಕೊಳ್ಳಿ, ಏಕೆಂದರೆ ಎರಡಕ್ಕೂ ಔಷಧಿ ಬೇರೆ ಬೇರೆ. ಡಾಕ್ಟರಿಗೆ ಫೋನಿನಲ್ಲಿ ಬಣ್ಣ ಹೇಳಿದರೆ ಅವರು ಸರಿಯಾದ ಔಷಧಿ ಹಿಡಿದೇ ಹೊರಡುತ್ತಾರೆ.

ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಊರಿನ ಹೆಸರು ಬೇಡ, ತಿ. ನರಸೀಪುರ ತಾಲೂಕು. ಮೂರು ವಾರ ಮಳೆ ಕೈಕೊಟ್ಟು ಮುಸುಕಿನ ಜೋಳ ಸುರುಳಿ ಸುತ್ತಿತ್ತು. ಆಮೇಲೆ ಎರಡು ದಿನ ಮಳೆ ಬಂತು. ಮನೆಯವರು ಸಂತೋಷದಿಂದ ಯೂರಿಯಾ ಹಾಕಿದರು. ನಾಲ್ಕನೆಯ ದಿನ, ಇನ್ನೂ ಮೋಡವಿದ್ದ ಬೆಳಿಗ್ಗೆ, ಸಾಲಿನ ಮಧ್ಯದ ಕಳೆ ಕಿತ್ತು ಎರಡು ಹೊರೆ ತಂದರು. ದಪ್ಪ ಕಾಂಡದ ಸಿಂಪಗನ ಹುಲ್ಲೇ ಹೆಚ್ಚು, ಕಾಡು ಹಾರಕವೂ ಸೇರಿತ್ತು. ಹಾಲು ಕರೆದು ಡೇರಿಗೆ ಹಾಕಿ ಬಂದು ಎರಡು ಸೀಮೆಹಸುಗಳಿಗೆ ಬೆಳಗಿನ ಬರೀ ಹೊಟ್ಟೆಗೆ ಅದನ್ನೇ ಹಾಕಿದರು. ಪಕ್ಕದಲ್ಲಿದ್ದ ಎತ್ತಿಗೆ ಭತ್ತದ ಹುಲ್ಲು ಹಾಕಿ ಆಮೇಲೆ ಮಿಕ್ಕ ಕಳೆ ಹಾಕಿದರು. ಹನ್ನೊಂದು ಗಂಟೆಗೆ ಹಾಲು ಕೊಡುತ್ತಿದ್ದ ಹಸು ಬಿತ್ತು. ಹಾವು ಕಡಿದಿದೆ ಎಂದು ಯಾರೋ ಹೇಳಿ, ನಾಟಿ ಔಷಧಿಗೆ ಓಡಾಡಿ ಒಂದು ಗಂಟೆ ಕಳೆಯಿತು. ನಾವು ತಲುಪುವಷ್ಟರಲ್ಲಿ ಅದು ಸತ್ತಿತ್ತು. ಎರಡನೆಯದು ಏಳು ತಿಂಗಳ ಗಬ್ಬ, ನಿಂತಿತ್ತು ಆದರೆ ನಡುಗುತ್ತಿತ್ತು. ಕಿವಿಯಿಂದ ತೆಗೆದ ರಕ್ತ ಕಂದು ಬಣ್ಣ. ಮೆಥಿಲೀನ್ ಬ್ಲೂ ರಕ್ತನಾಳಕ್ಕೆ ಕೊಟ್ಟ ಮೇಲೆ ಅರ್ಧ ಗಂಟೆಯಲ್ಲಿ ಒಸಡಿನ ಬಣ್ಣ ತಿರುಗಿತು. ಹಸು ಉಳಿಯಿತು, ಆದರೆ ಐದನೆಯ ದಿನ ಕಂದು ಹಾಕಿತು. ತಾಯಿಯ ರಕ್ತದಲ್ಲಿ ಪ್ರಾಣವಾಯು ಇಲ್ಲದಿದ್ದರೆ ಹೊಟ್ಟೆಯ ಕರುವಿಗೆ ಎಲ್ಲಿಂದ ಬರಬೇಕು? ಎತ್ತಿಗೆ ಏನೂ ಆಗಲಿಲ್ಲ. ಅದೇ ಹೊರೆ, ಅದೇ ಕೊಟ್ಟಿಗೆ. ವ್ಯತ್ಯಾಸ ಮೊದಲು ಹಾಕಿದ ಒಣಹುಲ್ಲಿನದು.

ಆ ಮನೆಯ ಯಜಮಾನಿ ಕೇಳಿದರು: “ಈ ಹುಲ್ಲನ್ನ ನಮ್ಮತ್ತೆ ಕಾಲದಿಂದ ಹಾಕ್ತಿದೀವಿ ಸ್ವಾಮಿ, ಯಾವತ್ತೂ ಆಗದ್ದು ಈಗ ಯಾಕಾಯ್ತು?” ಪ್ರಶ್ನೆ ಸರಿಯಾದದ್ದು. ಅತ್ತೆಯ ಕಾಲದಲ್ಲಿ ಶೇಕಡ 46ರಷ್ಟು ಸಾರಜನಕ ಇರುವ ಯೂರಿಯಾ ಇಷ್ಟು ಸುರಿಯುತ್ತಿರಲಿಲ್ಲ, ಕೊಟ್ಟಿಗೆ ಗೊಬ್ಬರ ನಿಧಾನವಾಗಿ ಕರಗುತ್ತಿತ್ತು. ದನವೂ ಬಯಲಲ್ಲಿ ಹತ್ತು ಬಗೆಯ ಹುಲ್ಲು ಮೇಯುತ್ತಿತ್ತು. ಈಗ ಕಟ್ಟಿಹಾಕಿದ ಸೀಮೆಹಸು, ಅದರ ಮುಂದೆ ಒಂದೇ ಬಗೆಯ ಹೊರೆ.

ಹಾಗಾದರೆ ಎರಡರಲ್ಲಿ ಯಾವುದು ಹೆಚ್ಚು ಅಪಾಯ? ಇದನ್ನೇ ನೀವು ಕೇಳುತ್ತೀರೆಂದು ಗೊತ್ತಿತ್ತು. ಸಿಂಪಗನ ಹುಲ್ಲಿನ ಕಾಂಡ ದಪ್ಪ, ಆದ್ದರಿಂದ ಫಲವತ್ತಾದ ಒಣ ನೆಲದಲ್ಲಿ ಬೆಳೆದರೆ ಅದರ ಒಂದು ಹೊರೆಯಲ್ಲಿ ನೈಟ್ರೇಟ್ ಹೆಚ್ಚು ಇರಬಹುದು. ಆದರೆ ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಗಾಳಿಯಿಲ್ಲ, ಅಲ್ಲಿ ಸಾರಜನಕ ಅಮೋನಿಯ ರೂಪದಲ್ಲೇ ಇರುತ್ತದೆ, ನೈಟ್ರೇಟ್ ಆಗುವುದು ಕಡಿಮೆ. ಹಾಗಾಗಿ ನೀರಿನಲ್ಲಿ ನಿಂತ ಸಿಂಪಗನ ಹುಲ್ಲಿಗಿಂತ, ನೀರು ಬತ್ತಿದ ಗದ್ದೆಯ ಕಾಡು ಹಾರಕಕ್ಕೇ ನಾನು ಹೆಚ್ಚು ಹೆದರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೆದರುವುದು ತಿಪ್ಪೆಯ ಅಂಚಿನಲ್ಲಿ, ಗೋಬರ್ ಗ್ಯಾಸ್ ಬಗ್ಗಡ ಹರಿಯುವ ಕಡೆ, ಕೊಟ್ಟಿಗೆಯ ಗಂಜಲ ಹೋಗುವ ಕಾಲುವೆಯಲ್ಲಿ ಕಪ್ಪು ಹಸಿರಾಗಿ ಕೊಬ್ಬಿ ನಿಂತ ಹುಲ್ಲಿಗೆ. ನೋಡಿದರೆ ಆಸೆಯಾಗುತ್ತದೆ. ಅಲ್ಲಿ ಯಾವ ಜಾತಿಯಿದ್ದರೂ ಗಬ್ಬದ ಹಸುವಿಗೆ ಹಾಕಬೇಡಿ.

ಕಳೆ ಬಿಸಾಡಿ ಎಂದು ನಾನು ಹೇಳುವುದಿಲ್ಲ. ಹಸಿ ಮೇವಿಗೆ ಪರದಾಡುವ ಮನೆಗೆ ಅಂಥ ಉಪದೇಶದಿಂದ ಪ್ರಯೋಜನವಿಲ್ಲ. ಹೀಗೆ ಮಾಡಿ. ಯೂರಿಯಾ ಹಾಕಿದ ಮೇಲೆ ಎರಡು ವಾರ ಆ ಜಮೀನಿನ ಕಳೆಯನ್ನು ಹಸಿಯಾಗಿ ಹಾಕಬೇಡಿ. ಸಾಧ್ಯವಿದ್ದರೆ ಮೊದಲು ಕಳೆ ತೆಗೆದು ಆಮೇಲೆ ಗೊಬ್ಬರ ಕೊಡಿ, ಇದು ಭತ್ತಕ್ಕೂ ಒಳ್ಳೆಯದು, ಗೊಬ್ಬರದ ದುಡ್ಡು ಕಳೆಗೆ ಹೋಗುವುದಿಲ್ಲ. ಒಣಗಿದ ನೆಲಕ್ಕೆ ಮಳೆ ಬಂದರೆ ಒಂದು ವಾರ ಬಿಡಿ. ಕುಡುಗೋಲಿನಲ್ಲಿ ಕೊಯ್ಯುವುದಾದರೆ ಬುಡ ಬಿಟ್ಟು ಕೊಯ್ಯಿರಿ. ಕೈಯಲ್ಲಿ ಕಿತ್ತದ್ದಾದರೆ ಬೇರಿನ ಕಡೆಯ ಒಂದು ಗೇಣು ಕತ್ತರಿಸಿ ತಿಪ್ಪೆಗೆ ಹಾಕಿ, ಮೇಲಿನದನ್ನು ಮಾತ್ರ ಗೊಂತಿಗೆ ತನ್ನಿ. ಬೆಳಗಿನ ಜಾವಕ್ಕಿಂತ ಬಿಸಿಲು ಕಂಡ ಮಧ್ಯಾಹ್ನದ ಮೇಲೆ ಕೊಯ್ದದ್ದು ವಾಸಿ. ಮೊದಲು ಮೂರು ನಾಲ್ಕು ಕೆ.ಜಿ. ಭತ್ತದ ಅಥವಾ ರಾಗಿ ಹುಲ್ಲು, ಆಮೇಲೆ ಕಳೆ, ಅದೂ ಎರಡು ಮೂರು ಸಲಕ್ಕೆ ಹಂಚಿ. ಜೊತೆಗೆ ಪಶು ಆಹಾರ ಇದ್ದರೆ ಸೂಕ್ಷ್ಮಜೀವಿಗಳಿಗೆ ಶಕ್ತಿ ಸಿಕ್ಕಿ ಎರಡನೆಯ ಹೆಜ್ಜೆ ಬೇಗ ನಡೆಯುತ್ತದೆ.

ಒಣಗಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಜೋಳದಿಂದ ಬಂದದ್ದು. ಸಯನೈಡ್ ಒಣಗಿದಾಗ ಬಹುಮಟ್ಟಿಗೆ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಒಣಗಿಸಿಟ್ಟ ಹುಲ್ಲಿನಲ್ಲಿ ಅದು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ರಸಮೇವು ಮಾಡಿದರೆ ಕಡಿಮೆಯಾಗುತ್ತದೆ, ಅರ್ಧದಷ್ಟು ಇಳಿಯುವುದೂ ಉಂಟು. ಸಿಂಪಗನ ಹುಲ್ಲಿನ ದಪ್ಪ ಕಾಂಡ ಬೇಗ ಒಣಗದೆ ಬೂಷ್ಟು ಹಿಡಿಯುವುದರಿಂದ ಅದಕ್ಕೆ ರಸಮೇವೇ ಸರಿ. ಕಾಡು ಹಾರಕ ತೆಳು, ಒಳ್ಳೆಯ ನೆಲದಲ್ಲಿ ಬೆಳೆದದ್ದಾದರೆ ಎರಡು ಬಿಸಿಲಿಗೆ ಒಣಗಿ ಒಳ್ಳೆಯ ಒಣಮೇವು ಆಗುತ್ತದೆ. ಇನ್ನೊಂದು ವಿಷಯ: ಒದ್ದೆ ಹುಲ್ಲನ್ನು ರಾತ್ರಿಯೆಲ್ಲ ಹೊರೆ ಕಟ್ಟಿದಂತೆಯೇ ಬಿಟ್ಟು ಬೆಳಿಗ್ಗೆ ಹಾಕಬೇಡಿ. ಹೊರೆ ಒಳಗೆ ಬಿಸಿಯೇರಿ ನೈಟ್ರೇಟ್ ಅಲ್ಲಿಯೇ ನೈಟ್ರೈಟ್ ಆಗುತ್ತದೆ. ನೈಟ್ರೈಟ್ ಹತ್ತು ಪಟ್ಟು ಘಾಟು. ಹರಡಿ ಇಡಿ.

ಕಳೆನಾಶಕ ಹೊಡೆದ ಗದ್ದೆಯ ಹುಲ್ಲನ್ನು ಮೇವಿಗೆ ತರಲೇಬೇಡಿ. ಔಷಧಿಯ ಶೇಷದ ಮಾತು ಹಾಗಿರಲಿ, ಅರೆಜೀವವಾದ ಗಿಡದಲ್ಲಿ ನೈಟ್ರೇಟ್ ಕೂಡ ಏರುತ್ತದೆ. ತೆನೆ ಬಲಿತ ಹುಲ್ಲೂ ಬೇಡ, ಇದು ವಿಷಕ್ಕಾಗಿ ಅಲ್ಲ. ಇವುಗಳ ಬೀಜದಲ್ಲಿ ಒಂದು ಪಾಲು ದನದ ಹೊಟ್ಟೆಯಲ್ಲಿಯೂ ಸಾಯದೆ ಸಗಣಿಯಲ್ಲಿ ಹೊರಬರುತ್ತದೆ. ಆ ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ. ನಮ್ಮ ಗದ್ದೆಗೆ ನಾವೇ ಕಳೆ ಬಿತ್ತಿದಂತಾಗುತ್ತದೆ. ತಿಪ್ಪೆಯನ್ನು ಒಟ್ಟಿ, ಮಗುಚಿ, ಒಳಗೆ ಕೈಯಿಡಲಾಗದಷ್ಟು ಬಿಸಿ ಬರುವ ಹಾಗೆ ಕೊಳೆಸಿದರೆ ಬಹಳಷ್ಟು ಬೀಜ ಸಾಯುತ್ತದೆ.

ಅಷ್ಟಾದರೂ ಹಸು ಏದುಸಿರು ಬಿಟ್ಟರೆ ಮುಂದಿರುವ ಮೇವು ತೆಗೆದುಬಿಡಿ. ಹಸುವನ್ನು ನಡೆಸಬೇಡಿ, ಓಡಿಸಬೇಡಿ, ಆಸ್ಪತ್ರೆಗೆ ಹೊಡೆದುಕೊಂಡು ಹೋಗಬೇಡಿ. ಇರುವ ಅಲ್ಪಸ್ವಲ್ಪ ಪ್ರಾಣವಾಯು ನಡಿಗೆಗೇ ಖರ್ಚಾಗುತ್ತದೆ. ಗೊಟ್ಟದಲ್ಲಿ ಎಣ್ಣೆ, ಹುಣಿಸೆ ನೀರು ಹಾಕಬೇಡಿ, ಮೇಲುಸಿರು ಬಿಡುವ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ ನಿಮ್ಮ ಡೇರಿಯ ಮೂಲಕ ಒಕ್ಕೂಟದ ಪಶುವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ. ಮೆಥಿಲೀನ್ ಬ್ಲೂ ಅಳತೆ ಮೀರಿದರೆ ಅದೇ ತೊಂದರೆ ಕೊಡುವ ಔಷಧಿ, ತೂಕ ನೋಡಿ ವೈದ್ಯರೇ ಕೊಡಬೇಕು. ಸತ್ತರೂ ಮರಣೋತ್ತರ ಪರೀಕ್ಷೆ ಆಗದೆ ಹೂಳಬೇಡಿ. ವಿಮೆಗೆ ಅದು ಬೇಕು, ಉಳಿದ ದನಗಳಿಗೆ ಏನು ಹಾಕಬಾರದೆಂದು ತಿಳಿಯಲಿಕ್ಕೂ ಬೇಕು.

ಅನುಮಾನವಿರುವ ಹುಲ್ಲನ್ನು ಪರೀಕ್ಷೆ ಮಾಡಬಹುದು. ಡೈಫಿನೈಲಮೈನ್ ಎಂಬ ದ್ರಾವಣದ ಒಂದು ಹನಿಯನ್ನು ಸೀಳಿದ ಕಾಂಡದ ಬುಡಕ್ಕೆ ಬಿಟ್ಟರೆ, ನೈಟ್ರೇಟ್ ಹೆಚ್ಚಿದ್ದಲ್ಲಿ ಕ್ಷಣದಲ್ಲಿ ಕಡು ನೀಲಿಯಾಗುತ್ತದೆ. ಅದರಲ್ಲಿ ಗಂಧಕಾಮ್ಲ ಇರುವುದರಿಂದ ನೀವು ಮನೆಯಲ್ಲಿ ಮಾಡುವುದು ಬೇಡ. ವೈದ್ಯರು ಸಂಘಕ್ಕೆ ಬರುವ ದಿನ ಮಾದರಿ ತನ್ನಿ. ಬುಡ ಸಮೇತ ಹತ್ತು ಹನ್ನೆರಡು ಗಿಡ, ಜಮೀನಿನ ಬೇರೆ ಬೇರೆ ಮೂಲೆಯಿಂದ ಕಿತ್ತದ್ದು ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ. ಯೂರಿಯಾ ಎಂದು ಹಾಕಿದಿರಿ, ಮಳೆ ಎಂದು ಬಂತು ಎಂಬುದನ್ನು ಅದೇ ಕಾಗದದ ಅಂಚಿನಲ್ಲಿ ಬರೆದಿಡಿ.